ಜಾಣ ಮರಿ ಎನ್ನುವ ಮುನ್ನ...

ಪರೀಕ್ಷೆ ಮುಗಿದು ಮಾರ್ಕ್ಸ್ ಕಾರ್ಡು ಮನೆಗೆ ಬರುವ ದಿನ ಯಾವ ಮನೆಯಲ್ಲಾದರೂ ಒಂದು ಚಿಕ್ಕ ನ್ಯಾಯಾಲಯವೇ ಸೇರುತ್ತದೆ. ಗಣಿತದಲ್ಲಿ 25ಕ್ಕೆ 24 ಬಂದಿದ್ದರೆ 'ನನ್ನ ಜಾಣ ಮರಿ, ನನ್ನ ಬಂಗಾರ' ಎಂದು ತಾಯಿ ತಬ್ಬಿಕೊಳ್ಳುತ್ತಾಳೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ. 'ಥೇಟ್ ಅಪ್ಪನ ತಲೆ' ಎಂದು ಎಲ್ಲರೂ ಸೇರಿ ತೀರ್ಪು ಕೊಡುತ್ತಾರೆ. 25ಕ್ಕೆ 9 ಬಂದಿದ್ದರೆ ಆ ತಲೆ ಯಾರ ಕಡೆಯಿಂದ ಬಂತು ಎಂಬುದನ್ನು ನಾನು ಬರೆಯಬೇಕಾಗಿಲ್ಲ, ನಿಮಗೆಲ್ಲ ಗೊತ್ತೇ ಇದೆ!

ಬೈಗುಳದಿಂದ ಮಗುವಿನ ಮನಸ್ಸು ಮುದುಡುತ್ತದೆ ಎಂದರೆ ನಾವೆಲ್ಲ ಒಪ್ಪುತ್ತೇವೆ. ಆದರೆ ಹೊಗಳಿಕೆಯಿಂದಲೂ ಮುದುಡಬಹುದು, ಅದರಲ್ಲೂ 'ಜಾಣ' ಎಂಬ ಅಕ್ಕರೆಯ ಮಾತಿನಿಂದಲೇ ಮಗು ಕಷ್ಟದ ಲೆಕ್ಕಕ್ಕೆ ಹೆದರುವಂತಾಗಬಹುದು ಎಂದರೆ ನಂಬುತ್ತೀರಾ? ನನಗಂತೂ ಮೊದಲು ನಗು ಬಂತು. ಬಿ.ಎಡ್. ಓದುತ್ತಿರುವ ನನ್ನ ತಂಗಿಯ ಮಗಳು ರಜಕ್ಕೆ ಬಂದಿದ್ದಾಗ ತನ್ನ ಪಾಠದ ಟಿಪ್ಪಣಿಗಳನ್ನು ಓದಿ ಓದಿ ಹೇಳಿದಳು. ನಾನು ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವಳು. ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳು ಅವಳಿಗೇ ಇರಲಿ. ಒಳಗಿನ ವಿಷಯ ಮಾತ್ರ ಒಲೆಯ ಮುಂದೆ ನಿಂತು ಕೇಳಿದರೂ ಅರ್ಥವಾಗುವಂಥದ್ದು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅಮೆರಿಕದಲ್ಲಿ ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿ ಇದ್ದಾರೆ. 1946ರಲ್ಲಿ ಹುಟ್ಟಿದವರು. 1972ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಆಮೇಲೆ ಹಲವು ಕಡೆ ಪಾಠ ಹೇಳಿ, 2004ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಮಕ್ಕಳು ಸೋತಾಗ ಏನು ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಇಡೀ ಬದುಕು ಕಳೆದವರು ಇವರು.

ಆ ಪ್ರಶ್ನೆ ಹುಟ್ಟಲು ಒಂದು ಕಾರಣವನ್ನು ಅವರೇ ಹೇಳಿಕೊಂಡಿದ್ದಾರೆ. ನ್ಯೂಯಾರ್ಕಿನ ಶಾಲೆಯಲ್ಲಿ ಅವರು ಆರನೆಯ ತರಗತಿಯಲ್ಲಿದ್ದಾಗ ಟೀಚರ್ ಒಬ್ಬರು ಮಕ್ಕಳನ್ನು ಬುದ್ಧಿ ಪರೀಕ್ಷೆಯ ಅಂಕದ ಪ್ರಕಾರ ಸಾಲಾಗಿ ಕೂರಿಸುತ್ತಿದ್ದರಂತೆ. ಹೆಚ್ಚು ಅಂಕದವರು ಮುಂದೆ, ಕಡಿಮೆಯವರು ಹಿಂದೆ. ಕಪ್ಪು ಹಲಗೆ ಒರೆಸುವುದು, ಬಾವುಟ ಹಿಡಿಯುವುದು, ಹೆಡ್‌ಮಾಸ್ಟರಿಗೆ ಚೀಟಿ ತಲುಪಿಸುವುದು, ಈ ಎಲ್ಲ ಗೌರವದ ಕೆಲಸ ಮುಂದಿನವರಿಗೆ ಮಾತ್ರ! ಹಿಂದೆ ಕೂತವರ ಗತಿ ಹೇಗಿತ್ತು ಎಂದು ಊಹಿಸಬಹುದು. ಆದರೆ ಮುಂದೆ ಕೂತವರಿಗೂ ಸುಖವಿರಲಿಲ್ಲವಂತೆ. ಮುಂದಿನ ಪರೀಕ್ಷೆಯಲ್ಲಿ ಈ ಜಾಗ ಹೋದರೆ? ಆ ಭಯ ಅವರದು. ನಮ್ಮ ಶಾಲೆಗಳಲ್ಲೂ ಮೊದಲ ಬೆಂಚಿನವರು, ಕೊನೆಯ ಬೆಂಚಿನವರು ಎಂಬ ಜಾತಿ ಇತ್ತಲ್ಲ, ನೆನಪಾಯಿತೇ?

1978ರಲ್ಲಿ ಡ್ವೆಕ್ ಅವರೂ ಕ್ಯಾರಲ್ ಡೀನರ್ ಎಂಬುವರೂ ಸೇರಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಮೊದಲು ಬಿಡಿಸಲು ಬರುವ ಸಮಸ್ಯೆಗಳನ್ನು ಕೊಟ್ಟು, ಆಮೇಲೆ ಅವರ ವಯಸ್ಸಿಗೆ ಮೀರಿದ್ದನ್ನು ಕೊಟ್ಟರು. 'ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿ ಬಿಟ್ಟು ಹೇಳುತ್ತಾ ಮಾಡಿ' ಎಂದರು. ಸುಲಭದ್ದನ್ನು ಬಿಡಿಸುವಾಗ ಎಲ್ಲ ಮಕ್ಕಳೂ ಒಂದೇ ಸಮ. ಕಷ್ಟದ್ದು ಬಂದ ಕೂಡಲೇ ಎರಡು ಗುಂಪಾಯಿತು. ಒಂದು ಗುಂಪಿನ ಮಕ್ಕಳು ನನಗೆ ಬರೋದಿಲ್ಲ, ನನ್ನ ನೆನಪಿನ ಶಕ್ತಿಯೇ ಸರಿ ಇಲ್ಲ ಎನ್ನತೊಡಗಿದರು. ಕೆಲವರಂತೂ ಲೆಕ್ಕ ಬಿಟ್ಟು ತಾವು ಬೇರೆ ಯಾವುದರಲ್ಲಿ ಗಟ್ಟಿಗರು ಎಂದು ಹೇಳಲು ಶುರು ಮಾಡಿದರು. ಇನ್ನೊಂದು ಗುಂಪು? ತಾವು ಸೋಲುತ್ತಿದ್ದೇವೆ ಎಂದೇ ಅವರಿಗೆ ಅನ್ನಿಸಿದಂತಿರಲಿಲ್ಲ. 'ಸ್ವಲ್ಪ ನಿಧಾನ ಮಾಡೋಣ, ಇನ್ನೊಂದು ರೀತಿ ನೋಡೋಣ' ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಎರಡು ವರ್ಷದ ಮೇಲೆ, 1980ರಲ್ಲಿ, ಅದೇ ಇಬ್ಬರು ಬರೆದ ಇನ್ನೊಂದು ಸಂಗತಿ. ಎಷ್ಟು ಸರಿ ಮಾಡಿದೆ, ಎಷ್ಟು ತಪ್ಪು ಮಾಡಿದೆ ಎಂದು ಕೊನೆಯಲ್ಲಿ ಮಕ್ಕಳನ್ನು ಕೇಳಿದರು. ಎಲ್ಲರೂ 8 ಸರಿ ಮಾಡಿದ್ದರು, 4ರಲ್ಲಿ ಸೋತಿದ್ದರು. ಎದೆಗುಂದಿದ ಮಕ್ಕಳಿಗೆ ನೆನಪಿದ್ದದ್ದು ಸುಮಾರು 5 ಸರಿ, 6 ತಪ್ಪು! ಮಾಡಿದ ಸರಿಯೂ ಅವರ ಲೆಕ್ಕದಿಂದ ಜಾರಿ ಹೋಗಿತ್ತು. ಹಬ್ಬದ ದಿನ ಇಪ್ಪತ್ತು ಹೋಳಿಗೆ ಚೆನ್ನಾಗಿ ಬಂದು ಎರಡು ಹರಿದರೆ ನಾವು ರಾತ್ರಿ ಮಲಗುವಾಗ ಆ ಎರಡನ್ನೇ ನೆನೆಸಿಕೊಳ್ಳುವುದಿಲ್ಲವೇ, ಹಾಗೇ ಇದು.

ಒಂದು ವಾಕ್ಯದ ಹೊಗಳಿಕೆ

ಈಗ 'ಜಾಣ' ಎಂಬ ಮಾತಿಗೆ ಬರುತ್ತೇನೆ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಡ್ವೆಕ್ ಪ್ರಕಟಿಸಿದ ಪ್ರಯೋಗ ಜಗತ್ತಿನಲ್ಲೆಲ್ಲ ಹೆಸರಾಯಿತು. ಆರು ಸಲ ಬೇರೆ ಬೇರೆ ಶಾಲೆಗಳಲ್ಲಿ ಮಾಡಿದ್ದು, ಒಟ್ಟು 400ಕ್ಕೂ ಮೇಲೆ ಮಕ್ಕಳು, ಎಲ್ಲರೂ ಐದನೆಯ ತರಗತಿಯವರು. ಮಗುವನ್ನು ಒಂಟಿಯಾಗಿ ಒಂದು ಕೋಣೆಗೆ ಕರೆದು ಚಿತ್ರದ ಒಗಟುಗಳನ್ನು ಕೊಡುವುದು. ಚೌಕದಲ್ಲಿ ಬಿಟ್ಟುಹೋದ ಚಿತ್ರ ಯಾವುದು ಎಂದು ಹುಡುಕುವಂಥವು. ಮುಗಿದ ಮೇಲೆ ಎಲ್ಲ ಮಕ್ಕಳಿಗೂ 'ತುಂಬ ಚೆನ್ನಾಗಿ ಮಾಡಿದೆ, ನೂರಕ್ಕೆ 80ಕ್ಕಿಂತ ಕಡಿಮೆ ಇಲ್ಲ' ಎಂದು ಹೇಳುವುದು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ.

ಆಮೇಲೆ ಒಂದೇ ಒಂದು ವಾಕ್ಯದ ವ್ಯತ್ಯಾಸ. ಕೆಲವರಿಗೆ ನೀನು ಇದರಲ್ಲಿ ಜಾಣನೇ ಇರಬೇಕು ಎಂದರು. ಕೆಲವರಿಗೆ ನೀನು ಕಷ್ಟಪಟ್ಟು ಮಾಡಿರಬೇಕು ಎಂದರು. ಇನ್ನು ಕೆಲವರಿಗೆ ಏನೂ ಸೇರಿಸಿ ಹೇಳಲಿಲ್ಲ. ಅಷ್ಟೇ!

ಮುಂದೆ ಎಂಥ ಸಮಸ್ಯೆ ಬೇಕು ಎಂದು ಆ ಮಕ್ಕಳನ್ನೇ ಕೇಳಿದರು. ತಪ್ಪಾದರೂ ಹೊಸದು ಕಲಿಯುವಂಥದ್ದು ಬೇಕೇ, ಅಥವಾ ಸುಲಭವಾಗಿದ್ದು ಜಾಣತನ ತೋರಿಸುವಂಥದ್ದು ಬೇಕೇ? ಜಾಣ ಎನ್ನಿಸಿಕೊಂಡವರಲ್ಲಿ ನೂರಕ್ಕೆ 67 ಮಂದಿ ತೋರಿಸುವಂಥದ್ದನ್ನೇ ಕೇಳಿದರು. ಕಷ್ಟಪಟ್ಟೆ ಎನ್ನಿಸಿಕೊಂಡವರಲ್ಲಿ ನೂರಕ್ಕೆ 92 ಮಂದಿ ಕಲಿಯುವಂಥದ್ದನ್ನು ಕೇಳಿದರು. ಎರಡನೆಯ ಸುತ್ತಿನಲ್ಲಿ ಬೇಕೆಂದೇ ಬಹಳ ಕಷ್ಟದ್ದನ್ನು ಕೊಟ್ಟು, ಈ ಸಲ ಚೆನ್ನಾಗಿ ಆಗಲಿಲ್ಲ ಎಂದು ಹೇಳಿದರು. ಮೂರನೆಯ ಸುತ್ತು ಮತ್ತೆ ಮೊದಲಿನಷ್ಟೇ ಸುಲಭ. ಜಾಣ ಎನ್ನಿಸಿಕೊಂಡ ಮಕ್ಕಳು ಮೊದಲು ಮಾಡಿದ್ದಕ್ಕಿಂತ ಸುಮಾರು ಒಂದು ಸಮಸ್ಯೆ ಕಡಿಮೆ ಬಿಡಿಸಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಸುಮಾರು ಒಂದು ಹೆಚ್ಚು ಬಿಡಿಸಿದರು.

ಯಾಕೆ ಹೀಗೆ? ಯೋಚನೆ ಮಾಡಿ ನೋಡಿ. ಗೆದ್ದದ್ದು ಜಾಣತನದಿಂದ ಎಂದು ದೊಡ್ಡವರು ಹೇಳಿದ ಮೇಲೆ, ಸೋತಾಗ ಮಗು ತಾನೇ ಉಳಿದರ್ಧ ಲೆಕ್ಕ ಮಾಡಿಕೊಳ್ಳುತ್ತದೆ. ಸೋತೆ, ಅಂದಮೇಲೆ ನಾನು ಜಾಣ ಅಲ್ಲ. ಜಾಣತನವನ್ನು ನಾಳೆ ಅಂಗಡಿಯಿಂದ ತರಲು ಬರುತ್ತದೆಯೇ? ಕಷ್ಟಪಡುವುದಾದರೆ ಅದು ತನ್ನ ಕೈಯಲ್ಲೇ ಇರುವ ಮಾತು.

ಅದೇ ಪ್ರಯೋಗಗಳಲ್ಲಿ ಒಂದು ಸಲ ಮಕ್ಕಳ ಮುಂದೆ ಎರಡು ಕಡತ ಇಟ್ಟರು. ಒಂದರಲ್ಲಿ ಸಮಸ್ಯೆ ಬಿಡಿಸುವ ಹೊಸ ಉಪಾಯ, ಇನ್ನೊಂದರಲ್ಲಿ ಬೇರೆ ಮಕ್ಕಳಿಗೆ ಎಷ್ಟು ಅಂಕ ಬಂತು ಎಂಬ ವಿವರ. ಜಾಣ ಎನ್ನಿಸಿಕೊಂಡವರಲ್ಲಿ ಹೆಚ್ಚಿನವರು ಕೈ ಹಾಕಿದ್ದು ಬೇರೆಯವರ ಅಂಕಕ್ಕೆ! (ಎದುರು ಮನೆಯ ಹುಡುಗನಿಗೆ ಎಷ್ಟು ಬಂತಂತೆ ಎಂದು ಮೊದಲು ಕೇಳುವವರು ಮಕ್ಕಳೋ ನಾವೋ, ಅದು ಬೇರೆ ಮಾತು.)

ಕೊನೆಯದು ಎಲ್ಲಕ್ಕಿಂತ ಬೇಸರದ್ದು. ಬೇರೆ ಶಾಲೆಯ ಗುರುತಿಲ್ಲದ ಮಕ್ಕಳಿಗಾಗಿ ಈ ಒಗಟುಗಳ ವಿಷಯ ಒಂದು ಹಾಳೆಯಲ್ಲಿ ಬರೆಯಿರಿ, ನಿಮಗೆ ಬಂದ ಅಂಕವನ್ನೂ ಬರೆಯಿರಿ ಎಂದರು. ಹೆಸರು ಹಾಕಬೇಕಾಗಿರಲಿಲ್ಲ. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ನೂರಕ್ಕೆ 13, ಏನೂ ಹೇಳಿಸಿಕೊಳ್ಳದವರಲ್ಲಿ ನೂರಕ್ಕೆ 14 ಮಂದಿ ಸುಳ್ಳು ಅಂಕ ಬರೆದರು. ಜಾಣ ಎನ್ನಿಸಿಕೊಂಡವರಲ್ಲಿ ನೂರಕ್ಕೆ 38! ಹತ್ತು ಹನ್ನೊಂದು ವರ್ಷದ ಮಕ್ಕಳು, ಎಂದೂ ಮುಖ ನೋಡದವರ ಮುಂದೆ, ಒಂದು ಸಣ್ಣ ಹೊಗಳಿಕೆಯನ್ನು ಉಳಿಸಿಕೊಳ್ಳಲು ಸುಳ್ಳು ಬರೆದವು. ಪ್ರಯೋಗ ಮುಗಿದ ಮೇಲೆ ಆ ಕಷ್ಟದ ಒಗಟುಗಳು ಮೇಲಿನ ತರಗತಿಯವರಿಗೆ ಕೊಡುವಂಥವು ಎಂದು ಎಲ್ಲ ಮಕ್ಕಳಿಗೂ ತಿಳಿಸಿ ಸಮಾಧಾನ ಮಾಡಿ ಕಳಿಸಿದರಂತೆ. ಅಷ್ಟಾದರೂ ಮಾಡಿದರಲ್ಲ ಎಂದು ನನಗೆ ಸಮಾಧಾನವಾಯಿತು.

ಬರೆದ ಕೈ ಯಾರದು?

ಕಲಿಯುವ ಗುರಿ, ತೋರಿಸುವ ಗುರಿ, ಇವೆರಡನ್ನು ಈ ಶಾಸ್ತ್ರದವರು ಬೇರೆ ಬೇರೆಯಾಗಿ ಇಟ್ಟು ನೋಡುತ್ತಾರೆ. 'ಇದು ನನಗೆ ಬರಬೇಕು' ಎನ್ನುವುದು ಮೊದಲನೆಯದು. 'ನನಗೆ ಬರುತ್ತದೆ ಎಂದು ಎಲ್ಲರಿಗೂ ಕಾಣಬೇಕು' ಎನ್ನುವುದು ಎರಡನೆಯದು. ಎಲ್ಲ ಮಕ್ಕಳಲ್ಲೂ ಎರಡೂ ಇರುತ್ತವೆ, ಇರಲಿ ಕೂಡ. ತೋರಿಸುವುದೇ ಮುಖ್ಯವಾದಾಗ ಮಾತ್ರ ಅಡ್ಡದಾರಿ ಹತ್ತಿರವಾಗುತ್ತದೆ. ಹಾಗೇ 1998ರಲ್ಲಿ ಎರಿಕ್ ಆಂಡರ್‌ಮನ್ ಮತ್ತು ಸಂಗಡಿಗರು ಅಮೆರಿಕದ ಮಾಧ್ಯಮಿಕ ಶಾಲೆಯ 285 ಮಕ್ಕಳನ್ನು ವಿಜ್ಞಾನದ ತರಗತಿಯಲ್ಲಿ ಕಾಪಿ ಹೊಡೆಯುವ ಬಗ್ಗೆ ಕೇಳಿದರು. ಹೊಡೆದಿದ್ದೇವೆ ಎಂದು ಒಪ್ಪಿಕೊಂಡ ಮಕ್ಕಳು ತಮ್ಮ ಶಾಲೆಯನ್ನು ಅಂಕ, ಬಹುಮಾನ, ಯಾರು ಮುಂದು ಎಂಬುದಕ್ಕೇ ಬೆಲೆ ಕೊಡುವ ಜಾಗ ಎಂದು ಹೆಚ್ಚಾಗಿ ಕಾಣುತ್ತಿದ್ದರು. ಶಾಲೆಯ ಬಗ್ಗೆ ಅವರಿಗೆ ಚಿಂತೆಯೂ ಹೆಚ್ಚು. ಕಾಪಿ ಹೊಡೆಯುವವನು ಭಂಡ ಧೈರ್ಯದವನು ಎಂದುಕೊಳ್ಳುತ್ತೇವೆ. ಒಳಗೆ ಇರುವುದು ಪುಕ್ಕಲು.

ಇದನ್ನು ಓದುವಾಗ ನನಗೆ ನಮ್ಮ ಮಕ್ಕಳ ಪ್ರಾಜೆಕ್ಟುಗಳ ನೆನಪಾಯಿತು. ಶಾಲೆಯ ವಸ್ತು ಪ್ರದರ್ಶನಕ್ಕೆ ಹೋಗಿ ನೋಡಿ. ಥರ್ಮಕೋಲಿನ ಜ್ವಾಲಾಮುಖಿ, ಬಣ್ಣದ ಸೌರವ್ಯೂಹ, ಕೆಳಗೆ ಮುದ್ದಾದ ಅಕ್ಷರದಲ್ಲಿ ನಾಲ್ಕನೆಯ ತರಗತಿಯ ಮಗುವಿನ ಹೆಸರು. ಮಾಡಿದ್ದು ಯಾರು? ತಾಯಿ ರಾತ್ರಿ ಹನ್ನೆರಡರವರೆಗೆ ಅಂಟು ಹಚ್ಚಿರುತ್ತಾಳೆ, ಇಲ್ಲವೇ ದುಡ್ಡು ಕೊಟ್ಟು ಅಂಗಡಿಯಲ್ಲಿ ಮಾಡಿಸಿರುತ್ತಾರೆ. ಈಗಂತೂ ಫೋನಿಗೆ ಪ್ರಶ್ನೆ ಹೇಳಿದರೆ ಪ್ರಬಂಧವನ್ನೇ ಬರೆದುಕೊಡುತ್ತದೆ! ಹೆಸರು ಒಬ್ಬರದು, ಕೈ ಇನ್ನೊಬ್ಬರದು.

ಬರೆದವರು ಯಾರು ಎಂದು ಪತ್ತೆ ಮಾಡುವುದೇ ಒಂದು ವಿದ್ಯೆ ಎಂದು ತಂಗಿಯ ಮಗಳು ಹೇಳಿದಳು. ಅಮೆರಿಕದ ಸಂವಿಧಾನ ಒಪ್ಪಿಗೆಯಾಗಬೇಕಿದ್ದ ಕಾಲದಲ್ಲಿ, 1787–88ರಲ್ಲಿ, ಅದರ ಪರವಾಗಿ 85 ಲೇಖನಗಳು ಒಂದೇ ಗುಪ್ತನಾಮದಲ್ಲಿ ಬಂದಿದ್ದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಅದರಲ್ಲಿ 12 ಲೇಖನ ಹ್ಯಾಮಿಲ್ಟನ್‌ದೋ ಮ್ಯಾಡಿಸನ್‌ದೋ ಎಂದು ಬಹಳ ಕಾಲ ಜಗಳ ನಡೆಯಿತು. 1964ರಲ್ಲಿ ಮಾಸ್ಟೆಲರ್ ಮತ್ತು ವಾಲೆಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇದನ್ನು ಲೆಕ್ಕದಿಂದ ಬಿಡಿಸಿದರು. ದೊಡ್ಡ ವಿಚಾರಗಳನ್ನು ನೋಡಲಿಲ್ಲ, ಸಣ್ಣ ಸಣ್ಣ ಪದ ಎಣಿಸಿದರು. 'ಅಪಾನ್' ಎಂಬ ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಮಾತು ಮಾತಿಗೂ ಬಳಸುತ್ತಿದ್ದರು, ಮ್ಯಾಡಿಸನ್ ಅಪರೂಪಕ್ಕೆ. ಆ ಹನ್ನೆರಡೂ ಮ್ಯಾಡಿಸನ್‌ದೇ ಇರಬೇಕೆಂದು ತೀರ್ಮಾನವಾಯಿತು. ಅಂದರೆ ಗಮನವಿಲ್ಲದೆ ಹಾಕುವ ಚಿಕ್ಕ ಮಾತಿನಲ್ಲೇ ಬರೆದವರ ಗುರುತು ಸಿಗುತ್ತದೆ. ನಾಲ್ಕನೆಯ ತರಗತಿಯ ಪ್ರಬಂಧದಲ್ಲಿ 'ಆದಕಾರಣ', 'ತತ್ಪರಿಣಾಮವಾಗಿ' ಎಂದೆಲ್ಲ ಬಂದರೆ ಟೀಚರಿಗೆ ಲೆಕ್ಕವೂ ಬೇಡ, ಗಣಕವೂ ಬೇಡ. ಯಾವ ಮನೆಯ ಅಮ್ಮ ಬರೆದಿದ್ದಾಳೆಂದು ಓದುತ್ತಿದ್ದಂತೆ ತಿಳಿಯುತ್ತದೆ! ಮಗುವಿನ ವಕ್ರ ಅಕ್ಷರದ ನಾಲ್ಕು ಸಾಲಿಗೆ ಪ್ರದರ್ಶನದಲ್ಲಿ ಬಹುಮಾನ ಬರಲಿಕ್ಕಿಲ್ಲ. ಆದರೆ ಆ ನಾಲ್ಕು ಸಾಲು ಅದರದೇ.

ಇದು ಮಂತ್ರವಲ್ಲ

ಬುದ್ಧಿ ಬೆಳೆಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಅಂಕ ಹೆಚ್ಚುತ್ತದೆಯೇ? 2007ರಲ್ಲಿ ಲೀಸಾ ಬ್ಲ್ಯಾಕ್‌ವೆಲ್, ಟ್ರೆಸ್ನ್ಯೂಸ್ಕಿ ಮತ್ತು ಡ್ವೆಕ್ ನ್ಯೂಯಾರ್ಕಿನ 373 ಮಕ್ಕಳನ್ನು ಏಳನೆಯ ತರಗತಿಯಿಂದ ಎರಡು ವರ್ಷ ಗಮನಿಸಿದ್ದನ್ನು ಬರೆದರು. ಬುದ್ಧಿ ಬೆಳೆಯುವಂಥದ್ದು ಎಂದು ನಂಬಿದವರ ಗಣಿತದ ಅಂಕ ಮೇಲೇರಿತು, ಬೆಳೆಯದು ಎಂದುಕೊಂಡವರದು ಇದ್ದಲ್ಲೇ ಇತ್ತು. ಬೇರೆ 91 ಮಕ್ಕಳಿಗೆ ಎಂಟು ಪಾಠ ಮಾಡಿದರು. ಓದುವ ವಿಧಾನವನ್ನು ಎಲ್ಲರಿಗೂ ಹೇಳಿಕೊಟ್ಟರು. ಅರ್ಧ ಮಕ್ಕಳಿಗೆ ಮಾತ್ರ, ಮಿದುಳು ಸ್ನಾಯುವಿನ ಹಾಗೆ, ದುಡಿಸಿದಷ್ಟೂ ಬಲವಾಗುತ್ತದೆ ಎಂದೂ ತಿಳಿಸಿದರು. ಇಳಿಯುತ್ತಿದ್ದ ಗಣಿತದ ಅಂಕ ಆ ಅರ್ಧ ಮಕ್ಕಳಲ್ಲಿ ನಿಂತಿತು.

2006ರಲ್ಲಿ ಡ್ವೆಕ್ ಜನಸಾಮಾನ್ಯರಿಗೆಂದು 'ಮೈಂಡ್‌ಸೆಟ್' ಎಂಬ ಪುಸ್ತಕ ಬರೆದಿದ್ದರು. ಅದು ಬಹಳ ಖರ್ಚಾಯಿತು. ಆಮೇಲೆ ಶಾಲೆ ಶಾಲೆಯ ಗೋಡೆಗಳ ಮೇಲೂ ಇದೇ ಮಾತು, ಕಂಪನಿಗಳ ತರಬೇತಿಯಲ್ಲೂ ಇದೇ ಮಾತು. ಹೊಸ ವ್ರತ ಬಂದರೆ ಎಲ್ಲರೂ ಹಿಡಿಯುವ ಹಾಗೆ! ಆಗ ಬೇರೆ ವಿದ್ವಾಂಸರು ತೂಕ ಹಾಕಲು ಕುಳಿತರು. 2018ರಲ್ಲಿ ವಿಕ್ಟೋರಿಯಾ ಸಿಸ್ಕ್ ಮತ್ತು ಜೊತೆಯವರು 3,65,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ನಂಬಿಕೆಗೂ ಅಂಕಕ್ಕೂ ಇರುವ ಸಂಬಂಧ ತೀರ ಸಣ್ಣದು, ಹೇಳಿಕೊಡುವುದರಿಂದ ಆಗುವ ಲಾಭವೂ ಸಣ್ಣದು. ಬಡ ಮಕ್ಕಳಿಗೆ, ಓದಿನಲ್ಲಿ ಹಿಂದೆ ಬಿದ್ದವರಿಗೆ ಸ್ವಲ್ಪ ಹೆಚ್ಚು ಆಗಬಹುದು ಎಂದರು. 2019ರಲ್ಲಿ ಇಂಗ್ಲೆಂಡಿನ 101 ಪ್ರಾಥಮಿಕ ಶಾಲೆಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಡೇವಿಡ್ ಯೇಗರ್ ಮತ್ತು ಡ್ವೆಕ್ ಮುಂತಾದವರು ಅಮೆರಿಕದ 65 ಶಾಲೆಗಳ 12,000ಕ್ಕೂ ಹೆಚ್ಚು ಒಂಬತ್ತನೆಯ ತರಗತಿಯ ಮಕ್ಕಳಿಗೆ, ಒಟ್ಟು ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಪಾಠ ಕೊಟ್ಟ ಫಲಿತಾಂಶ ಬಂತು. ಹಿಂದೆ ಬಿದ್ದ ಮಕ್ಕಳ ಅಂಕ ಸ್ವಲ್ಪ ಏರಿತು. ಏರಿಕೆ ಹೆಚ್ಚು ಕಂಡದ್ದು ಯಾವ ಶಾಲೆಗಳಲ್ಲಿ ಗೊತ್ತೇ? ಕಷ್ಟದ ಕೆಲಸಕ್ಕೆ ಕೈ ಹಾಕುವವರನ್ನು ಗೆಳೆಯರೂ ಮೆಚ್ಚುವಂಥ ಶಾಲೆಗಳಲ್ಲಿ.

ನನಗೆ ಇದು ಸರಿ ಎನ್ನಿಸುತ್ತದೆ. ಬೀಜ ಒಳ್ಳೆಯದಾದರೆ ಸಾಕೇ, ನೆಲ ನೀರು ಬೇಡವೇ? ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ, ಮನೆಯಲ್ಲಿ ಓದಲು ಜಾಗವಿಲ್ಲದಿದ್ದರೆ, ಮಗುವಿಗೆ 'ನಿನ್ನ ಬುದ್ಧಿ ಬೆಳೆಯುತ್ತದೆ, ಕಷ್ಟಪಡು' ಎಂದರೆ ಅದು ಗಾಯದ ಮೇಲೆ ಉಪ್ಪು. ಮಗ ಫೇಲಾದರೆ 'ನೀನು ಸರಿಯಾಗಿ ಹೊಗಳಲಿಲ್ಲ' ಎಂದು ಅದನ್ನೂ ತಾಯಿಯ ತಲೆಗೇ ಕಟ್ಟುವವರು ಬಂದಾರು, ಅವರಿಗೆ ಈ 2018ರ ಲೆಕ್ಕವನ್ನು ತೋರಿಸಿ!

ಡ್ವೆಕ್ ಅವರೇ 2015ರಲ್ಲಿ ಒಂದು ಎಚ್ಚರಿಕೆ ಬರೆದರು. ಬರೇ 'ಕಷ್ಟಪಟ್ಟೆ, ಭೇಷ್' ಎಂದರೆ ಸಾಲದು, ಕಲಿಯದೆ ಉಳಿದ ಮಗುವಿಗೆ ಸಮಾಧಾನದ ಮಿಠಾಯಿ ಕೊಟ್ಟಂತೆ ಅದು. ದಾರಿ ಬದಲಿಸಿ ನೋಡುವುದನ್ನು, ತಿಳಿದವರನ್ನು ಕೇಳುವುದನ್ನು ಕಲಿಸಬೇಕು ಎಂದು. ರಂಗೋಲಿಯ ವಿಷಯದಲ್ಲಿ ನಾವು ಹೀಗೇ ಮಾಡುತ್ತೇವಲ್ಲವೇ? ಚುಕ್ಕಿ ತಪ್ಪಿದರೆ 'ಇಲ್ಲಿ ಎಡವಿದೆ ನೋಡು, ಇದನ್ನು ಅಳಿಸಿ ಮೇಲಿನ ಸಾಲಿನಿಂದ ಎಣಿಸಿಕೊಂಡು ಬಾ' ಎನ್ನುತ್ತೇವೆ. 'ನಿನಗೆ ರಂಗೋಲಿ ತಲೆ ಇಲ್ಲ' ಎಂದು ಯಾರಾದರೂ ಹೇಳುತ್ತೇವೆಯೇ? ಲೆಕ್ಕ ತಪ್ಪಿದಾಗ ಮಾತ್ರ ತಲೆಯ ಮಾತು ಬರುತ್ತದೆ.

ಒಂದು ಸಂತೋಷದ ಸುದ್ದಿ. 2012ರಲ್ಲಿ ಅನೀತಾ ರಟ್ಟನ್, ಕೃಷ್ಣ ಸಾವನಿ, ನಾಯ್ಡು ಮತ್ತು ಡ್ವೆಕ್ ಸೇರಿ ಭಾರತದವರನ್ನೂ ಅಮೆರಿಕದವರನ್ನೂ ಹೋಲಿಸಿದಾಗ, ಯಾರು ಬೇಕಾದರೂ ಬಹಳ ಬುದ್ಧಿವಂತರಾಗಬಲ್ಲರು ಎಂಬ ನಂಬಿಕೆ ನಮ್ಮವರಲ್ಲೇ ಹೆಚ್ಚಾಗಿ ಕಂಡಿತು. ಹಾಗಾದರೆ ಮಾರ್ಕ್ಸ್ ಕಾರ್ಡಿನ ದಿನ ಆ ನಂಬಿಕೆ ಎಲ್ಲಿ ಅಡಗಿಕೊಳ್ಳುತ್ತದೆ ಎಂದು ಕೇಳುತ್ತೀರಾ? ಅದಕ್ಕೂ ಉತ್ತರ ಸಿಕ್ಕಿತು. 2016ರಲ್ಲಿ ಕೈಲಾ ಹೈಮೊವಿಟ್ಸ್ ಮತ್ತು ಡ್ವೆಕ್ ಕಂಡದ್ದು ಇದು: ಬುದ್ಧಿಯ ಬಗ್ಗೆ ತಂದೆ ತಾಯಿ ಮನಸ್ಸಿನಲ್ಲಿ ಏನು ನಂಬಿದ್ದಾರೆ ಎಂಬುದು ಮಕ್ಕಳಿಗೆ ಕಾಣುವುದೇ ಇಲ್ಲ. ಮಕ್ಕಳು ನೋಡುವುದು ತಾವು ಸೋತು ಬಂದಾಗ ಮನೆಯವರು ಹೇಗಿರುತ್ತಾರೆ ಎಂಬುದನ್ನು. ಮುಖ ಬಾಡಿತೇ, ಊಟ ಬಿಟ್ಟರೇ, ನೆಂಟರ ಮುಂದೆ ಮಾತು ತಪ್ಪಿಸಿದರೇ? ಅದರಿಂದಲೇ ಅವು ತಮ್ಮ ಬುದ್ಧಿಗೆ ಬೆಲೆ ಕಟ್ಟಿಕೊಳ್ಳುತ್ತವೆ.

ಆದ್ದರಿಂದ ಕಡಿಮೆ ಅಂಕದ ಕಾರ್ಡು ಬಂದ ಸಂಜೆ ಮೊದಲು ಕಾಫಿ ತಿಂಡಿ ಕೊಡಿ. ಆಮೇಲೆ ಉತ್ತರ ಪತ್ರಿಕೆ ಸಿಕ್ಕಿದರೆ ಅದನ್ನು ಹಾಸಿಕೊಂಡು, ಎಲ್ಲಿ ತಪ್ಪಾಯಿತು, ಯಾವುದು ಅರ್ಥವಾಗಿಲ್ಲ, ಯಾರನ್ನು ಕೇಳಬಹುದು ಎಂದು ಅದರ ಜೊತೆ ಕುಳಿತು ನೋಡಿ. ಸರಿ ಮಾಡಿದ್ದನ್ನೂ ಎಣಿಸಿ ಹೇಳಿ, ಏಕೆಂದರೆ ಅದು ಮಗುವಿಗೆ ಮರೆತಿರುತ್ತದೆ. 24 ಬಂದ ದಿನವೂ 'ಈ ದೊಡ್ಡ ಲೆಕ್ಕ ಹೇಗೆ ಬಿಡಿಸಿದೆ, ನನಗೂ ಹೇಳು' ಎಂದು ಕೇಳಿದರೆ ಜಾಣ ಮರಿ ಎಂದದ್ದಕ್ಕಿಂತ ಅದರ ಮುಖ ಅರಳುತ್ತದೆ. 'ಬಂಗಾರ' ಎನ್ನಲು ಯಾವ ಸಂಶೋಧನೆಯ ಅಡ್ಡಿಯೂ ಇಲ್ಲ, ಧಾರಾಳವಾಗಿ ಅನ್ನಿ!

ಹೆಣ್ಣುಮಕ್ಕಳ ಪಾಲು

ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬಾರದು. ಎಲಿಜಬೆತ್ ಗುಂಡರ್‌ಸನ್ ಮತ್ತು ಸಂಗಡಿಗರು ಷಿಕಾಗೊ ಕಡೆಯ 53 ಮಕ್ಕಳ ಮನೆಗೇ ಹೋಗಿ, ಮಗುವಿಗೆ 14 ತಿಂಗಳು, 26 ತಿಂಗಳು, 38 ತಿಂಗಳಾದಾಗ ತಂದೆ ತಾಯಿ ಸಹಜವಾಗಿ ಆಡುವ ಮಾತುಗಳನ್ನು ವಿಡಿಯೊದಲ್ಲಿ ಹಿಡಿದರು. ಐದು ವರ್ಷದ ಮೇಲೆ ಅದೇ ಮಕ್ಕಳನ್ನು ಮತ್ತೆ ಮಾತನಾಡಿಸಿದರು. ಮಾಡಿದ ಕೆಲಸಕ್ಕೆ, ಪಟ್ಟ ಪ್ರಯತ್ನಕ್ಕೆ ಹೊಗಳಿಸಿಕೊಂಡು ಬೆಳೆದವು ಏಳೆಂಟನೆಯ ವಯಸ್ಸಿನಲ್ಲಿ ಕಷ್ಟದ ಕೆಲಸವನ್ನು ಹೆಚ್ಚು ಇಷ್ಟಪಡುತ್ತಿದ್ದವು. ಇದು 2013ರಲ್ಲಿ ಪ್ರಕಟವಾಯಿತು.

ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಿಕ್ಕ ಒಟ್ಟು ಹೊಗಳಿಕೆ ಹೆಚ್ಚು ಕಡಿಮೆ ಒಂದೇ. ಆದರೆ ಗಂಡು ಮಕ್ಕಳಿಗೆ ಸಿಕ್ಕ ಹೊಗಳಿಕೆಯಲ್ಲಿ ನೂರಕ್ಕೆ ಸುಮಾರು 24 ಪಾಲು ಪ್ರಯತ್ನಕ್ಕಾಗಿ, ಹೆಣ್ಣು ಮಕ್ಕಳಿಗೆ ಸಿಕ್ಕಿದ್ದರಲ್ಲಿ ಸುಮಾರು 10 ಪಾಲು ಮಾತ್ರ! ಹೊಗಳಿದವರಿಗೆ ಇದು ಗೊತ್ತೇ ಇರಲಿಲ್ಲ. ತೊದಲು ನುಡಿಯುವ ವಯಸ್ಸಿನಲ್ಲೇ ಶುರು. ಅದು ಅಮೆರಿಕದ ಮಾತಾಯಿತು. ನಮ್ಮಲ್ಲಿ ಮಗಳಿಗೆ ಸಿಗುವ ಬಿರುದುಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಒಳ್ಳೆಯ ಹುಡುಗಿ, ಮುದ್ದು, ಹೇಳಿದ ಮಾತು ಕೇಳುವವಳು.

2010ರಲ್ಲಿ ಶಿಯಾನ್ ಬೈಲಾಕ್ ಮತ್ತು ಇದೇ ಗುಂಡರ್‌ಸನ್ ಮೊದಲಾದವರು ಒಂದು, ಎರಡನೆಯ ತರಗತಿಯ 17 ಮಂದಿ ಟೀಚರುಗಳನ್ನು ನೋಡಿದರು, ಎಲ್ಲರೂ ಹೆಂಗಸರು. ಗಣಿತವೆಂದರೆ ಹೆದರುವ ಟೀಚರುಗಳ ಕೈಕೆಳಗೆ ಒಂದು ವರ್ಷ ಕಲಿತ ಹುಡುಗಿಯರಲ್ಲಿ 'ಲೆಕ್ಕ ಹುಡುಗರಿಗೆ, ಓದು ಹುಡುಗಿಯರಿಗೆ' ಎಂಬ ನಂಬಿಕೆ ಹೆಚ್ಚು ಕಂಡಿತು. ಹಾಗೆ ನಂಬಿದ ಹುಡುಗಿಯರಿಗೇ ಗಣಿತದಲ್ಲಿ ಕಡಿಮೆ ಬಂತು. ಹುಡುಗರಿಗೆ ಏನೂ ಆಗಲಿಲ್ಲ.

ಟೀಚರಿನ ಹೆದರಿಕೆಯೇ ಹೀಗೆ ಅಂಟುವುದಾದರೆ ತಾಯಿಯದು ಅಂಟದೇ? ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದರೆ 'ಅಪ್ಪ ಬರಲಿ, ಕೇಳು, ನಂಗೆಲ್ಲಿ ಲೆಕ್ಕ ಬರ್ತದೆ' ಎನ್ನುವ ತಾಯಂದಿರು ನಮ್ಮಲ್ಲಿ ಎಷ್ಟು ಜನ! ಅವರೇ ತಿಂಗಳ ಕೊನೆಗೆ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದ ಹಾಲಿನ ಲೆಕ್ಕ, ಬಾರದ ದಿನಗಳನ್ನು ಕಳೆದು, ಹೆಚ್ಚಿಗೆ ತಂದ ಅರ್ಧ ಲೀಟರುಗಳನ್ನು ಸೇರಿಸಿ, ಪೆನ್ನು ಹಿಡಿಯದೆ ಹೇಳಿಬಿಡುತ್ತಾರೆ. ಚೀಟಿ ಹಣದಲ್ಲಿ ಈ ತಿಂಗಳು ಕೂಗಿದರೆ ಎಷ್ಟು ಹೋಯಿತು, ಮೂರು ತಿಂಗಳು ತಡೆದರೆ ಎಷ್ಟು ಉಳಿಯಿತು ಎಂಬುದು ಅವರ ಬೆರಳ ತುದಿಯಲ್ಲಿರುತ್ತದೆ. ಆರು ಜನರ ಅಳತೆಯ ಬಿಸಿಬೇಳೆಬಾತನ್ನು ಅರವತ್ತು ಜನಕ್ಕೆ ಏರಿಸುವುದು ತ್ರೈರಾಶಿಯಲ್ಲದೆ ಮತ್ತೇನು? ಈ ತಿಂಗಳ ಹಾಲಿನ ಲೆಕ್ಕಕ್ಕೆ ಮಗಳನ್ನೂ ಕ್ಯಾಲೆಂಡರಿನ ಮುಂದೆ ನಿಲ್ಲಿಸಿಕೊಳ್ಳಿ. ಅವಳು ಒಂದು ಸಲ ಕೂಡಲಿ, ನೀವು ಒಂದು ಸಲ ಕೂಡಿ. ಇಬ್ಬರ ಮೊತ್ತ ಬೇರೆ ಬಂದರೆ ಹಾಲಿನವನು ಬರುವಷ್ಟರಲ್ಲಿ ಇಬ್ಬರೂ ಸೇರಿ ಮತ್ತೊಮ್ಮೆ ಎಣಿಸಿ.